ತಪ್ಪಿದ ಜಾಗದಲ್ಲಿ ಬಂದ ನಗು

ಅಬ್ದುಲಗನಿ ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ, ನಾನು ಕನ್ನಡ. ಒಂದೇ ವರ್ಷ ನೌಕರಿಗೆ ಸೇರಿದವರು ನಾವು, ಸ್ಟಾಫ್ ರೂಮಿನಲ್ಲಿ ಒಂದೇ ಮೇಜಿನ ಎರಡು ಬದಿಗೆ ಕೂಡುತ್ತಿದ್ದೆವು. ಅವನ ಊರು ತಿಕೋಟಾ. ಅಪ್ಪ ಗಾದಿ ಹೊಲಿಯುತ್ತಿದ್ದವರು. ಆ ಮನೆಯಲ್ಲಿ ಹೈಸ್ಕೂಲು ದಾಟಿದವನೇ ಇವನೊಬ್ಬ. ಎತ್ತರದ ಸಣಕಲು ಆಳು, ಮೈಮೇಲೆ ಎಚ್ಚರ ಕಡಿಮೆ. ಒಮ್ಮೆ ಪಾಠದ ಭರದಲ್ಲಿ ತಲೆಯ ಮೇಲಿನ ಟೋಪಿ ತೆಗೆದು ಬೋರ್ಡು ಒರೆಸಿ, ಅದನ್ನೇ ಮತ್ತೆ ತಲೆಗೆ ಹಾಕಿಕೊಂಡು, ಕೂದಲೆಲ್ಲ ಬಿಳಿಯಾಗಿ ಹೊರಗೆ ಬಂದಿದ್ದ. ಹುಡುಗರು ನಕ್ಕರೆ ತಾನೂ ನಗುತ್ತಿದ್ದ. ನಗುವವರ ಮೇಲೆ ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ.

ಅವನ ಜೀವವಿದ್ದದ್ದು ಇಂಗ್ಲೆಂಡಿನ ಮುನ್ನೂರು ವರ್ಷ ಹಳೆಯ ಹಾಸ್ಯ ನಾಟಕಗಳಲ್ಲಿ. ಅಲ್ಲಿ ಹದಿನೆಂಟು ವರ್ಷ ನಾಟಕಶಾಲೆಗಳಿಗೆಲ್ಲ ಬೀಗ ಬಿದ್ದಿತ್ತಂತೆ. ಆಮೇಲೆ ಪರದೇಶಕ್ಕೆ ಓಡಿಹೋಗಿದ್ದ ರಾಜ ತಿರುಗಿ ಬಂದು ಪಟ್ಟವೇರಿದ, ಬೀಗ ತೆಗೆಸಿದ, ಹೆಣ್ಣಿನ ಪಾತ್ರಕ್ಕೆ ಹೆಂಗಸರೇ ಮೊದಲ ಸಲ ರಂಗಕ್ಕೆ ಬಂದರು. ಆಗ ಬರೆದ ನಾಟಕಗಳಲ್ಲಿ ಲಗ್ನವೆಂದರೆ ತಮಾಷೆ. ಗಂಡ ಮುದುಕ, ಸಂಶಯದವನು, ಇಲ್ಲವೇ ದಡ್ಡ. ಹೆಂಡತಿ ಚುರುಕು. ನಡುವೆ ಮಾತು ಬಲ್ಲ ಒಬ್ಬ ಪೋಲಿ. ಅವನು ಮನೆಗೆ ಬರುತ್ತಾನೆ, ಗಂಡ ಬಂದಾಗ ಕಪಾಟಿನಲ್ಲಿ ಅಡಗುತ್ತಾನೆ, ಸಿಕ್ಕಿಬಿದ್ದರೂ ಮಾತಿನಿಂದಲೇ ಪಾರಾಗುತ್ತಾನೆ. ಕೊನೆಗೆ ಎಲ್ಲರೂ ಕೈ ಕೈ ಹಿಡಿದು ಕುಣಿಯುತ್ತಾರೆ, ಪರದೆ ಬೀಳುತ್ತದೆ. ಮೋಸ ಹೋದ ಗಂಡನೂ ಆ ಕುಣಿತದಲ್ಲಿ ಇರುತ್ತಾನೆ. "ಅವ್ರಿಗೆ ಸೋಡಚೀಟಿ, ತಲಾಕು ಅನ್ನೂದ ಇರಲಿಲ್ಲೋ. ಇದ್ದ ಹೆಂಡ್ತಿ ಕೂಡನ ಸಾಯಬೇಕು. ಅದಕ್ಕ ನಕ್ಕ ಬಿಟ್ರು," ಎಂದು ನನಗೆ ಹೇಳುತ್ತಿದ್ದ.

ಅವನದು ಜೋರಾಪುರ ಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ ಅಬೇದಾ, ತಿಕೋಟಾದವಳೇ. ಅರವತ್ತನಾಲ್ಕರಲ್ಲಿ ಲಗ್ನವಾದಾಗ ಅವಳಿಗೆ ಹತ್ತೊಂಬತ್ತು, ಇವನಿಗೆ ಇಪ್ಪತ್ತೊಂಬತ್ತು. ಮಕ್ಕಳಾಗಲಿಲ್ಲ. ಉರ್ದು ಸಾಲಿಯಲ್ಲಿ ಏಳನೇ ಇಯತ್ತೆ ಓದಿದ್ದಳು. ನಾನು ಹೋದಾಗ ಚಹಾ ಕೊಟ್ಟು, "ಅಣ್ಣಾರ, ಆರಾಮ ಅದೀರಿಲ್ಲ?" ಎಂದು ಕೇಳಿ ಒಳಗೆ ಹೋಗುವಳು. ನಾವಿಬ್ಬರೂ ಗಂಟೆಗಟ್ಟಲೆ ಹರಟುವಾಗ ಒಳಕೋಣೆಯಿಂದ ಅವಳ ಸದ್ದು ಕೇಳಿಸುತ್ತಲೇ ಇರಲಿಲ್ಲ. ಅವಳು ಇಡೀ ದಿನ ಯಾರ ಜೊತೆ ಮಾತಾಡುತ್ತಾಳೆ ಎಂಬ ವಿಚಾರ ನನಗೂ ಬರಲಿಲ್ಲ, ಅವನಿಗೂ ಬರಲಿಲ್ಲ.

ಎಪ್ಪತ್ತನಾಲ್ಕರ ದೀಪಾವಳಿ ಸೂಟಿಯಲ್ಲಿ ಅವನಿಗೆ ಒಂದು ಹುಚ್ಚು ಹತ್ತಿತು. ಆ ನಾಟಕಗಳ ಮಾದರಿಯಲ್ಲಿ ತಾನೇ ಒಂದು ನಾಟಕ ಬರೆಯಬೇಕು, ನಮ್ಮ ಕಡೆಯ ಕನ್ನಡದಲ್ಲಿ, ಕಾಲೇಜಿನ ಗ್ಯಾದರಿಂಗಿಗೆ. ಬರೆದದ್ದನ್ನು ದಿನಾ ತಂದು ನನ್ನ ಮುಂದೆ ಓದುವನು, ನಾನು ಮಾತು ತಿದ್ದುವೆನು. ಒಂದು ಕಡೆ ಸಿಕ್ಕಿಕೊಂಡೆವು. ಹೆಂಡತಿ ದಾರಿ ತಪ್ಪಿದರೆ ಗಂಡನ ತಲೆಗೆ ಕೊಂಬು ಮೂಡುತ್ತವೆ ಎಂಬುದು ಆ ಇಂಗ್ಲಿಷ್ ನಾಟಕಗಳ ದೊಡ್ಡ ನಗೆ. ನಮ್ಮಲ್ಲಿ ಕೊಂಬು ಬಂತೆಂದರೆ ಸೊಕ್ಕು ಬಂತೆಂದು. ಗನಿ ಬಿದ್ದು ಬಿದ್ದು ನಕ್ಕ. "ಅವ್ರ ಗಂಡಗ ಮಾನ ಹೋದ್ರ ಕೊಂಬ ಬರ್ತಾವ, ನಮ್ಮ ಗಂಡಗ ಮಾನ ಬಂದ್ರ ಕೊಂಬ ಬರ್ತಾವ! ಇದನ್ನ ಹೆಂಗ ಕೂಡಸ್ತಿ ಮಾಸ್ತರ?" ಕೂಡಿಸಲಾಗಲಿಲ್ಲ, ಬಿಟ್ಟುಬಿಟ್ಟೆವು.

ಬದಲಿಗೆ ನಮ್ಮ ಕಡೆಯದನ್ನು ಹಾಕಬೇಕೆಂದು ಅವನು ತನ್ನ ಮನೆಯನ್ನೇ ನೋಡಿ ಬರೆದ. ಹೊನವಾಡದ ಮಲ್ಲಿಕಸಾಬ ಅವನ ಬಾಲ್ಯದ ಗೆಳೆಯ, ತಿಕೋಟಾ ಸಾಲಿಯಲ್ಲಿ ಒಂದೇ ಮಣೆಯ ಮೇಲೆ ಕುಳಿತವನು. ಕೆಲವು ವರ್ಷದ ಹಿಂದೆ ದ್ರಾಕ್ಷಿ ಹಚ್ಚಿದ್ದ. ಮಾಲು ಹಾಕಲು ವಿಜಾಪುರಕ್ಕೆ ಬಂದಾಗಲೆಲ್ಲ ಫಟಫಟಿಯ ಹಿಂದೆ ಬುಟ್ಟಿ ಕಟ್ಟಿಕೊಂಡು ಜೋರಾಪುರ ಪೇಟೆಗೆ ಬರುವನು. ಗನಿಗೆ ಅದೊಂದು ಅಭಿಮಾನ. ನಾಟಕದ ದಡ್ಡ ಯಜಮಾನನ ಬಾಯಲ್ಲಿ ಅದನ್ನೇ ಇಟ್ಟ: "ನನ್ನ ಗೆಳ್ಯಾನಂಥ ಗೆಳ್ಯಾ ಯಾರಿಗೈತಿ? ನಾ ಮನ್ಯಾಗ ಇರಲಿ ಬಿಡಲಿ, ಬುಟ್ಟಿ ದ್ರಾಕ್ಷಿ ತಪ್ಪಿದ್ದಿಲ್ಲ!"

ಅವನು ಅದನ್ನು ಓದಿದಾಗ ನಾನು ತಲೆ ಬಗ್ಗಿಸಿದೆ. ಯಾಕೆಂದರೆ ಅಷ್ಟರಲ್ಲಿ ನನಗೆ ಗೊತ್ತಿತ್ತು. ಗನಿ ಕ್ಲಾಸಿನಲ್ಲಿದ್ದಾಗ ಹನ್ನೊಂದು ಗಂಟೆಗೆ ಅವನ ಮನೆಯ ಮುಂದೆ ಫಟಫಟಿ ನಿಂತಿರುತ್ತದೆಂದು ಚಹಾದ ಅಂಗಡಿಯಲ್ಲಿ ಕೇಳಿದ್ದೆ. ಸ್ಟಾಫ್ ರೂಮಿನಲ್ಲಿ ಅವನು ಎದ್ದು ಹೋದ ಮೇಲೆ ಕಣ್ಣು ಮಿಟುಕಿಸುವವರನ್ನು ಕಂಡಿದ್ದೆ. ಹೇಳುವ ಮಾತೇ ಅದು? ಹೇಳಲಿಲ್ಲ. ಆ ಸಾಲು ತೆಗೆಸಬಹುದಿತ್ತು. ತೆಗೆಸಿದರೆ ಯಾಕೆಂದು ಕೇಳುತ್ತಾನೆ. ಅದಕ್ಕೆ ಅಂಜಿ ಅದನ್ನೂ ಮಾಡಲಿಲ್ಲ.

ನಮ್ಮ ಹುಡುಗಿಯರು ಯಾರೂ ಅಂಥ ಪಾತ್ರಕ್ಕೆ ಒಪ್ಪುವವರಲ್ಲ. ಹೆಂಡತಿಯ ಪಾತ್ರಕ್ಕೆ ರೇಣವ್ವನನ್ನು ಕರೆಸಿದೆವು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವಳ ಹಳೆಯ ಮನೆ. ಹದಿನೈದನೇ ವಯಸ್ಸಿನಿಂದ ನಾಟಕ ಕಂಪನಿಗಳಲ್ಲಿದ್ದು, ಕಂಪನಿಗಳು ಮುಚ್ಚಿದ ಮೇಲೆ ಹಳ್ಳಿಯ ನಾಟಕಗಳಿಗೆ ಹೋಗಿ ಬರುತ್ತಿದ್ದಳು. ಮೂವತ್ತೈದು ದಾಟಿದ್ದರೂ ಬಣ್ಣ ಹಚ್ಚಿದರೆ ಇಪ್ಪತ್ತೈದು. ದಡ್ಡ ಯಜಮಾನನ ಪಾತ್ರ ಮಾಡಲು ಯಾವ ವಿದ್ಯಾರ್ಥಿಯೂ ಮುಂದೆ ಬರಲಿಲ್ಲ. "ನಾನ ಮಾಡ್ತೇನಿ, ತಗೋರಿ," ಎಂದ ಗನಿ.

ಅಬೇದಾ ಒಂದು ದಿನ ಕೇಳಿದಳಂತೆ: "ಅಷ್ಟ ಬರ್ಯಾಕತ್ತೀರಲ್ಲ, ಏನೈತ್ರಿ ಅದ್ರಾಗ?" ಮನೆಯಲ್ಲಿ ಅವರು ಉರ್ದುವಿನಲ್ಲಿ ಮಾತಾಡುವವರು. ಅವನು ಮುಂದೆ ನನಗೆ ಕನ್ನಡದಲ್ಲಿ ಹೇಳಿದ್ದು ಹೀಗೆ. ಇವನ ಉತ್ತರ: "ನಿನಗ ತಿಳ್ಯಾಂಗಿಲ್ಲ ಬಿಡು." ನಾಟಕಕ್ಕೂ ಕರೆಯಲಿಲ್ಲ. ಮನೆಯ ಹೆಣ್ಣುಮಕ್ಕಳು ನೋಡುವಂಥದ್ದಲ್ಲ ಎಂದ.

ಎಪ್ಪತ್ತೈದರ ಫೆಬ್ರುವರಿ. ಆ ಕಾಲದ ಲಂಡನ್ನಿನಲ್ಲಿ ನಾಟಕ ಮಧ್ಯಾಹ್ನವೇ ಆಗುತ್ತಿತ್ತೆಂದು ಹಟ ಹಿಡಿದು ಗನಿ ಮೂರು ಗಂಟೆಗೆ ಇಡಿಸಿದ್ದ. ಕಾಲೇಜಿನ ಸಭಾಗೃಹ ತುಂಬಿತ್ತು. ವಿದ್ಯಾರ್ಥಿಗಳು, ಮಾಸ್ತರರು, ಪೇಟೆಯ ವ್ಯಾಪಾರಸ್ಥರು, ವಕೀಲರು. ಮೊದಲ ಅಂಕ ಚೆನ್ನಾಗಿ ಸಾಗಿತು. ಗನಿ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಯಜಮಾನನಾಗಿ ಓಡಾಡಿದರೆ ಜನ ಮನಸಾರೆ ನಗುತ್ತಿದ್ದರು. ಎರಡನೇ ಅಂಕದಲ್ಲಿ ಆ ಮಾತು ಬಂತು. "ಬುಟ್ಟಿ ದ್ರಾಕ್ಷಿ ತಪ್ಪಿದ್ದಿಲ್ಲ!"

ಸಭಾಗೃಹ ಒಡೆದು ಹೋಗುವಂತೆ ನಗು ಎದ್ದಿತು. ಹಿಂದಿನ ಸಾಲಿನಲ್ಲಿ ಶಿಳ್ಳೆ ಬಿದ್ದವು. ಮುಂದಿನ ಸಾಲಿನ ದೊಡ್ಡವರು ಒಬ್ಬರ ಭುಜದ ಮೇಲೊಬ್ಬರು ಬಿದ್ದು, ಕಣ್ಣೀರು ಒರೆಸಿಕೊಂಡು ನಕ್ಕರು. ಬಹಳ ಹೊತ್ತು ನಿಲ್ಲಲಿಲ್ಲ. ನಾನು ಪಕ್ಕದ ಪರದೆಯ ಹತ್ತಿರ ಪುಸ್ತಕ ಹಿಡಿದು ನಿಂತಿದ್ದೆ. ನನ್ನ ಬಾಯೂ ಅಗಲವಾಗಿತ್ತು. ಅದನ್ನು ಯಾವ ಮಾತಿನಿಂದ ಮುಚ್ಚಲಿ? ನಾನೂ ನಕ್ಕೆ.

ಗನಿ ರಂಗದ ನಡುವೆ ನಿಂತಿದ್ದ. ಮೊದಲು ಅವನ ಮುಖದಲ್ಲಿ ಸಂತೋಷವಿತ್ತು. ಆಮೇಲೆ ಅಚ್ಚರಿ. ಆಮೇಲೆ ಅವನು ತಿರುಗಿ ನನ್ನ ಕಡೆ ನೋಡಿದ. ನನ್ನ ನಗು ಅಲ್ಲೇ ನಿಂತಿತು, ಆದರೆ ಅವನು ಕಂಡುಬಿಟ್ಟಿದ್ದ.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ ಅವನು ದಿಂಬು ಬಿಚ್ಚದೆ ಕುಳಿತಿದ್ದ. ರೇಣವ್ವ ಕನ್ನಡಿಯ ಮುಂದೆ ಬಣ್ಣ ತೆಗೆಯುತ್ತಿದ್ದಳು.

"ರೇಣವ್ವ, ಆ ಮಾತಿಗೆ ಅಷ್ಟ ಯಾಕ ನಕ್ರು?"

ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಇಪ್ಪತ್ತ ವರ್ಷಾತ್ರಿ ಸರ, ಜನ ಎಲ್ಲಿ ನಗ್ತಾರ ನನಗ ಗೊತ್ತೈತಿ. ಆ ಮಾತಿಗೆ ಅಷ್ಟ ನಗು ಬರಬಾರದಿತ್ರಿ."

"ಅಂದ್ರ?"

"ಪಾತ್ರ ನೋಡಿ ನಗೂ ನಗು ಬ್ಯಾರೆ ಇರ್ತೈತ್ರಿ. ಮನಷ್ಯಾನ್ನ ನೋಡಿ ನಗೂದು ಬ್ಯಾರೆ. ಇದಕಿಂತ ಹೆಚ್ಚ ನನ್ನ ಕೇಳಬ್ಯಾಡ್ರಿ." ಹಾಗೆಂದು ಅವಳು ಎದ್ದು ಸೀರೆಯ ಗಂಟು ತೆಗೆದುಕೊಂಡು ಹೊರಗೆ ನಡೆದಳು.

ಅವನು ನನ್ನ ಕಡೆ ತಿರುಗಿದ. "ನಿನಗ ಗೊತ್ತಿತ್ತೇನು?"

ನಾನು ಕೈಯಲ್ಲಿದ್ದ ಪುಸ್ತಕ ನೋಡುತ್ತ ನಿಂತೆ. ಅಷ್ಟು ಸಾಕಾಯಿತು ಅವನಿಗೆ. ದಿಂಬು ಬಿಚ್ಚಿ ಮೇಜಿನ ಮೇಲಿಟ್ಟು, ಮುಖದ ಬಣ್ಣವನ್ನು ಕೈವಸ್ತ್ರದಿಂದ ಅರ್ಧಂಬರ್ಧ ಒರೆಸಿಕೊಂಡು ಮನೆಗೆ ಹೋದ.

ಅಂದು ಸಂಜೆ ನಡೆದದ್ದನ್ನು ಅವನು ಎಷ್ಟೋ ದಿನಗಳ ಮೇಲೆ ನನಗೆ ಹೇಳಿದ. ಅಬೇದಾ ಜೋಳ ಹಸನು ಮಾಡುತ್ತಾ ಕುಳಿತಿದ್ದಳು. ಇವನು ಎದುರಿಗೆ ನೆಲದ ಮೇಲೆ ಕುಳಿತ.

"ಮಲ್ಲಿಕ ಇವತ್ತ ಬಂದಿದ್ದನೇನು?"

"ಬಂದಿದ್ರು."

"ನಾ ಇಲ್ಲದಾಗ ಬರ್ತಾನೇನು?"

ಅವಳು ಮೊರ ಕೆಳಗಿಟ್ಟಳು. "ನೀವ್ ಇಲ್ಲದಾಗನ ಬರ್ತಾರ. ನಿಮಗ ಏನ ಕೇಳಬೇಕಾಗೈತಿ ಅದನ್ನ ಕೇಳ್ರಿ. ನಾ ಸುಳ್ಳ ಹೇಳೂದಿಲ್ಲ."

ಅವನು ಕೇಳಲಿಲ್ಲ. ಕೇಳುವುದು ಏನೂ ಉಳಿದಿರಲಿಲ್ಲ. "ನಾ ಕಲಸೂ ನಾಟಕದಾಗ ಒಬ್ಬಾಕಿನೂ ಹಿಂಗ ಖರೇ ಹೇಳಿದ್ದಿಲ್ಲ ಮಾಸ್ತರ. ಅವರು ಹತ್ತ ಮಾತ ಆಡತಾರ, ನಾವ ನಗತೇವಿ. ಈಕಿ ಒಂದ ಮಾತ ಆಡಿದ್ಲು," ಎಂದ. ಒಂದೇ ಒಂದು ಪ್ರಶ್ನೆ ಕೇಳಿದನಂತೆ, ಯಾಕೆಂದು. ಅವಳು ಬಹಳ ಯೋಚಿಸಿ ಹೇಳಿದಳು: "ಅವರು ಬಂದ ಕುಂತ, ಇವತ್ತ ಏನ ಮಾಡಿದಿ ಅಂತ ಕೇಳತಿದ್ರು."

ಮಲ್ಲಿಕಸಾಬ ಆ ಇಂಗ್ಲಿಷ್ ನಾಟಕಗಳ ಪೋಲಿಯಂತೆ ಇರಲಿಲ್ಲ. ನಲವತ್ತರ ಬೋಳುತಲೆಯ ರೈತ, ದೊಡ್ಡ ಸಂಸಾರ, ನಾಲ್ಕು ಮಕ್ಕಳು.

ಹತ್ತು ದಿನಕ್ಕೆ ಬಬಲೇಶ್ವರದಲ್ಲಿ ಅದೇ ನಾಟಕ ಆಗಬೇಕಿತ್ತು. ಅಲ್ಲಿಯ ತರುಣರು ಸಂತೆಯ ದಿನ ಮಧ್ಯಾಹ್ನಕ್ಕೆ ಕರೆದಿದ್ದರು. ನಾನು ರದ್ದು ಮಾಡಿಸಲು ಹೊರಟೆ. ಗನಿ ಬೇಡವೆಂದ. "ಅಲ್ಲಿ ನನ್ನ ಯಾರಿಗೂ ಗುರ್ತಿಲ್ಲ. ನಾಟಕಕ್ಕ ಖರೇನ ಎಲ್ಲಿ ನಗು ಬರತೈತಿ, ಒಮ್ಮಿ ಕೇಳಬೇಕಾಗೇತಿ ನನಗ."

ಸಂತೆ ಬಯಲಿನ ಅಂಚಿಗೆ ತಗಡಿನ ಚಪ್ಪರ ಹಾಕಿದ್ದರು. ಜನ ಸಂತೆಯ ಚೀಲ ಮುಂದಿಟ್ಟುಕೊಂಡು ಕುಳಿತರು. ದ್ರಾಕ್ಷಿಯ ಮಾತು ಬಂದಾಗ ಒಬ್ಬಿಬ್ಬರು ಮೆಲ್ಲಗೆ ನಕ್ಕರು, ಅಷ್ಟೇ. ಗನಿ ಆ ಮೌನದಲ್ಲಿ ಒಂದು ಗಳಿಗೆ ಹೆಚ್ಚೇ ನಿಂತ. ನಾನು ಮುಂದಿನ ಮಾತನ್ನು ಪಿಸುಗುಟ್ಟಬೇಕಾಯಿತು.

ಮೂರನೇ ಅಂಕದಲ್ಲಿ ಯಜಮಾನ ಒಳಗೆ ಬರುತ್ತಾನೆ. ಗೆಳೆಯ ಕಪಾಟಿನಲ್ಲಿದ್ದಾನೆ. ಯಜಮಾನ ಹೆಂಡತಿಗೆ ಪೆದ್ದು ಪೆದ್ದಾಗಿ ನೂರು ಪ್ರಶ್ನೆ ಕೇಳಬೇಕು, ಅವಳು ಒಂದೊಂದಕ್ಕೂ ಜಾಣ ಸುಳ್ಳು ಹೇಳಬೇಕು. ಗನಿ ಬಂದು ರೇಣವ್ವನ ಎದುರಿಗೆ ನಿಂತ. ಬರೆದ ಮಾತು ಆಡಲಿಲ್ಲ.

"ಹನ್ನೊಂದ ವರ್ಷದಾಗ ನಾ ನಿನ್ನ ಮುಂದ ಕುಂತ ಒಂದಿನಾರ ಮಾತಾಡೇನೇನು?"

ನಾನು ಪುಸ್ತಕದಲ್ಲಿ ಹುಡುಕಿದೆ, ಅದು ಅಲ್ಲಿರಲಿಲ್ಲ. ರೇಣವ್ವ ಅವನ ಮುಖ ನೋಡಿದಳು. ಇಪ್ಪತ್ತು ವರ್ಷ ರಂಗದ ಮೇಲಿದ್ದವಳು, ತಡವರಿಸಲಿಲ್ಲ.

"ಇಲ್ರಿ," ಎಂದಳು. "ಊಟಕ್ಕ ನೀಡು ಅಂದೀರಿ. ದೀಪಾ ಸಣ್ಣ ಮಾಡು ಅಂದೀರಿ. ಹೆಸರ ಹಿಡದ ಕರದಿದ್ದ ನೆನಪಿಲ್ರಿ ನನಗ."

"ನೀ ಯಾಕ ಹೇಳಲಿಲ್ಲ?"

"ಕೇಳಿದ್ರ ಹೇಳತಿದ್ದೆ."

ಮುಂದೆ ಕುಳಿತ ಮುದುಕಿಯೊಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಕಪಾಟಿನೊಳಗಿದ್ದ ನಟ ಯಾವಾಗ ಹೊರಗೆ ಬರಬೇಕೋ ತಿಳಿಯದೆ ಒಳಗೇ ಉಳಿದ. ಕೊನೆಯ ಕುಣಿತ ಆಗಲಿಲ್ಲ, ನಾನೇ ಪರದೆ ಎಳೆಸಿದೆ. ನಗಿಸುತ್ತೇವೆಂದು ಬಂದು ಅಳಿಸಿದರೆಂದು ಊರ ತರುಣರು ಬೇಸರಪಟ್ಟರು. ವಿಜಾಪುರಕ್ಕೆ ಬರುವ ಬಸ್ಸಿನಲ್ಲಿ ಗನಿ ನನ್ನ ಪಕ್ಕದಲ್ಲಿ ಕುಳಿತ. ಇಳಿಯುವಾಗ ರೇಣವ್ವ ಅವನಿಗೆ ಇಷ್ಟೇ ಹೇಳಿದಳು: "ಮನ್ಯಾಗೂ ಕೇಳ್ರಿ ಸರ."

ಅವನು ಕೇಳಿದ. ನಿನಗೆ ಏನು ಬೇಕು ಎಂದು ಕೇಳಿದ. ಮಲ್ಲಿಕಸಾಬನ ಜೊತೆ ಇರಬೇಕೆಂದರೆ ತಲಾಕು ಕೊಟ್ಟು ಮರ್ಯಾದೆಯಿಂದ ಕಳಿಸುತ್ತೇನೆ ಎಂದ. ಅವಳು ಅತ್ತಳು. ಅದನ್ನೇ ಒಪ್ಪಿಗೆಯೆಂದು ತಿಳಿದು ಮರುದಿನ ಅವನು ಹೊನವಾಡದ ಬಸ್ಸು ಹತ್ತಿದ.

ಮಲ್ಲಿಕಸಾಬ ತೋಟದಲ್ಲಿ ಬಳ್ಳಿ ಕಟ್ಟುತ್ತಿದ್ದ. ಗನಿಯನ್ನು ಕಂಡು ಕೈಯಲ್ಲಿದ್ದ ಸುತಳಿ ಬಿಟ್ಟ. ಹೊಡೆಯಲು ಬಂದನೆಂದೇ ತಿಳಿದನಂತೆ. ಗನಿ ಬಂದ ಕಾರಣ ಹೇಳಿದಾಗ ಇನ್ನಷ್ಟು ಅಂಜಿದ.

"ನಿನ್ನ ಕಾಲ ಹಿಡೀತೇನೋ ಗನಿ. ನಮ್ಮ ಮನ್ಯಾಗ ಗೊತ್ತಾದ್ರ ನನ್ನ ಮಕ್ಕಳ ಲಗ್ನ ಆಗೂದಿಲ್ಲ. ನಾ ಏನ ಆಕಿಗೆ ಮಾತ ಕೊಟ್ಟಿಲ್ಲ. ಸುಮ್ನ... ಬಂದ ಹೋಗತಿದ್ದೆ."

"ಸುಮ್ನ?"

"ಸುಮ್ನ."

ಈ ಒಂದು ಶಬ್ದವನ್ನು ನನಗೆ ಹೇಳುವಾಗ ಗನಿ ಮುಖ ಆಚೆ ತಿರುಗಿಸಿದ. ತನಗೆ ಆದ ಮೋಸಕ್ಕಲ್ಲ. "ಇದನ್ನ ಆಕಿಗೆ ನಾ ಹೆಂಗ ಹೇಳಲಿ ಮಾಸ್ತರ? ಬಸ್ಸಿನ್ಯಾಗ ಕುಂತ ಅದನ್ನ ವಿಚಾರ ಮಾಡಕೋತ ಬಂದೆ. ನನ್ನ ನೋಡಿ ಅಷ್ಟ ಮಂದಿ ನಕ್ಕಾಗೂ ಇಷ್ಟ ಸಂಕಟ ಆಗಿರಲಿಲ್ಲ."

ಮನೆಗೆ ಬಂದು, ಮಲ್ಲಿಕ ಬರುವುದಿಲ್ಲ ಎಂದಷ್ಟೇ ಹೇಳಿದ. ಆ ಶಬ್ದ ಬಾಯಿಗೆ ತರಲಿಲ್ಲ. ಅಬೇದಾ ಗೋಡೆಗೆ ಒರಗಿ ನಿಂತಿದ್ದಳು.

"ನನಗ ಗೊತ್ತಿತ್ರಿ. ನೀವ್ ಯಾಕ ಹೋದ್ರಿ?"

"ನಿನ್ನ ಸಲುವಾಗಿ."

"ನೀವ್ ಹೊಡದಿದ್ರ, ಬೈದಿದ್ರ ಇಲ್ಲೇ ಇರತಿದ್ದೆ. ನನ್ನ ಸಲುವಾಗಿ ಹೋಗಿ ಕೇಳಿ ಬಂದ್ರಿ. ಇನ್ನ ನಿಮ್ಮ ಮಾರಿ ನೋಡಕೋತ ನನಗ ಇರಾಕ ಆಗೂದಿಲ್ಲ."

ಎರಡು ದಿನಕ್ಕೆ ಅವಳ ಅಣ್ಣ ಪೀರಸಾಬ ಬಂದು ತಿಕೋಟಾಕ್ಕೆ ಕರೆದುಕೊಂಡು ಹೋದ. ಗನಿಯ ಅಣ್ಣತಮ್ಮಂದಿರು ತಲಾಕು ಕೊಡು, ಬೇರೆ ಹೆಣ್ಣು ನೋಡುತ್ತೇವೆ ಎಂದು ಗಂಟುಬಿದ್ದರು. "ಆಕಿ ಕೇಳಿದ್ರ ಕೊಡ್ತೇನಿ," ಎಂದ. ಅವಳು ಕೇಳಲಿಲ್ಲ. ಇವನು ಕೊಡಲಿಲ್ಲ.

ಕಾಲೇಜಿನಲ್ಲಿ ಅವನು ಆ ನಾಟಕಗಳನ್ನು ಕಲಿಸುವುದು ಬಿಡಲಿಲ್ಲ, ಪಠ್ಯದಲ್ಲಿದ್ದವು. ಆದರೆ ಹಾಡಿ ಕುಣಿದು ಕಲಿಸುತ್ತಿದ್ದವನು ಈಗ ನಿಂತಲ್ಲೇ ನಿಂತು ಓದುತ್ತಿದ್ದ. ಒಬ್ಬ ವಿದ್ಯಾರ್ಥಿನಿ ಒಮ್ಮೆ, "ಪರದೆ ಬಿದ್ದ ಮ್ಯಾಲ ಆ ಗಂಡಾ ಹೆಂಡ್ತಿ ಮನಿಗೆ ಹೋಗಿ ಏನ ಮಾತಾಡ್ತಾರ್ರಿ ಸರ?" ಎಂದು ಕೇಳಿದಳಂತೆ. ಅವನು ಪುಸ್ತಕ ಮುಚ್ಚಿ, "ಅದನ್ನ ಯಾರೂ ಬರದಿಲ್ಲವ್ವಾ," ಎಂದು ಕ್ಲಾಸು ಬಿಟ್ಟನಂತೆ. ನಮ್ಮಿಬ್ಬರ ಸ್ನೇಹ ಉಳಿಯಿತು, ಅದರ ಸಲಿಗೆ ಉಳಿಯಲಿಲ್ಲ. ನಾನು ತಪ್ಪು ಒಪ್ಪಿಕೊಂಡೆ. "ನಗು ಬಂದ್ರ ಯಾರ ಕೈಯಾಗ ಐತಿ ಬಿಡು," ಎಂದ. ಆಮೇಲೆ ನನ್ನ ಮುಂದೆ ಅವನು ಮನಬಿಚ್ಚಿ ನಕ್ಕದ್ದು ಕಾಣೆ.

ರವಿವಾರ ಬಂದರೆ ತಿಕೋಟಾಕ್ಕೆ ಹೋಗುತ್ತಿದ್ದ. ಮೊದಲ ವರ್ಷ ಪೀರಸಾಬನ ಜೊತೆ ಹೊರಗಿನ ಕಟ್ಟೆಯ ಮೇಲೆ ಒಂದು ತಾಸು ಕುಳಿತು, ಚಹಾ ಕುಡಿದು ತಿರುಗಿ ಬರುವನು. ಅಬೇದಾ ಹೊರಗೆ ಬರುತ್ತಿರಲಿಲ್ಲ. ಓಣಿಯ ಜನ ಆಡಿಕೊಂಡರು. ಮನೆ ಬಿಟ್ಟ ಹೆಂಡತಿಯ ಬಾಗಿಲು ಕಾಯುವ ಗಂಡನನ್ನು ಅವರು ಕಂಡಿರಲಿಲ್ಲ. ಎರಡನೇ ವರ್ಷದ ಮಳೆಗಾಲದಲ್ಲಿ ಒಂದು ದಿನ ಪೀರಸಾಬ ಮನೆಯಲ್ಲಿ ಇರಲಿಲ್ಲ. ಅವಳೇ ಚಹಾ ತಂದಳು. ತಂದವಳು ಬಾಗಿಲ ಹತ್ತಿರ ಕುಳಿತಳು. ಅಂದಿನಿಂದ ಅವಳು ಬಂದು ಕೂಡುವುದು ರೂಢಿಯಾಯಿತು. ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಅವಳು ಹೊಲಿಗೆ ಯಂತ್ರ ಕಲಿತದ್ದು, ಓಣಿಯ ಹುಡುಗಿಯರಿಗೆ ಕುಪ್ಪಸ ಹೊಲಿಯುವುದು, ಮಗ್ಗುಲು ಮನೆಯ ಆಡು ಮರಿ ಹಾಕಿದ್ದು, ಇಂಥವನ್ನು ಅವನು ಸೋಮವಾರ ಸ್ಟಾಫ್ ರೂಮಿನಲ್ಲಿ ನನಗೆ ಹೇಳುವನು. ತಿರುಗಿ ಕರೆದುಕೊಂಡು ಬಾ ಎಂದು ನಾನು ಒಮ್ಮೆ ಹೇಳಿದೆ. "ಇಲ್ಲೆ ಬಂದ್ರ ಮತ್ತ ಮಂದಿ ಆಕಿನ್ನ ನೋಡತಾರ. ಆಕಿ ತಾನ ಬರತೇನಿ ಅನ್ನೂ ತನಕ ಕೇಳೂದಿಲ್ಲ," ಎಂದ.

ಎಪ್ಪತ್ತೆಂಟರ ಜೂನಿನಲ್ಲಿ ಅವನಿಗೆ ಕಾಮಾಲೆಯಾಯಿತು. ನಾಟಿ ಔಷಧ, ಆಮೇಲೆ ದವಾಖಾನೆ. ಸುದ್ದಿ ತಿಕೋಟಾಕ್ಕೆ ಮುಟ್ಟಿದ ಮಧ್ಯಾಹ್ನವೇ ಅಬೇದಾ ಬಂದಳು. ಮೂರು ದಿನ ಅವನ ಹಾಸಿಗೆಯ ಹತ್ತಿರ ಕುಳಿತಿದ್ದಳು. ನಾಲ್ಕನೇ ದಿನ ಬೆಳಗ್ಗೆ ಅವನು ತೀರಿಕೊಂಡ. ನಲವತ್ತಮೂರು ವಯಸ್ಸು.

ಅವಳು ಇದ್ದತ್ತಿಗೆ ಕುಳಿತಳು, ಗಂಡ ಸತ್ತವಳು ಕೂಡಬೇಕಾದ ನಾಲ್ಕು ತಿಂಗಳು ಹತ್ತು ದಿನ. ಗನಿಯ ಅಣ್ಣಂದಿರ ಮನೆಯಲ್ಲಿ ಹೆಂಗಸರು, ಇವಳಿಗೇನು ಹಕ್ಕು ಎಂದರು. ಅವಳ ಕಿವಿಗೂ ಬಿತ್ತು. ತಿಕೋಟಾದ ಆ ಒಳಕೋಣೆಯಿಂದ ಅವಳು ಒಂದು ದಿನವೂ ಹೊರಗೆ ಕಾಲಿಡಲಿಲ್ಲ ಎಂದು ಪೀರಸಾಬ ಹೇಳಿದ.

ಇದ್ದತ್ತು ಮುಗಿದ ಮೇಲೆ ಜೋರಾಪುರ ಪೇಟೆಯ ಮನೆ ಖಾಲಿ ಮಾಡಲು ಅಣ್ಣನ ಜೊತೆ ಬಂದಳು. ನಾನೂ ಹೋಗಿದ್ದೆ. ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಕಾಲೇಜಿಗೆ ಕಳಿಸಿದೆವು. ಪಾತ್ರೆಗಳು, ಒಂದು ಟ್ರಂಕು, ಎರಡು ಗಾದಿ. ಅರ್ಧ ದಿನದ ಕೆಲಸವೂ ಆಗಲಿಲ್ಲ. ಬಸ್ ನಿಲ್ದಾಣದಲ್ಲಿ ಪೀರಸಾಬ ಸಾಮಾನು ಬಸ್ಸಿನ ಮೇಲೆ ಏರಿಸುವಾಗ ಅವಳು ನನ್ನ ಹತ್ತಿರ ನಿಂತಿದ್ದಳು.

ಅವಳೇ ಮಾತಾಡಿದಳು. "ಹದಿನಾಕ ವರ್ಷ ಅವರ ಹೆಂಡ್ತಿ ಆಗಿದ್ದೆರಿ ಅಣ್ಣಾರ. ಅದ್ರಾಗ ಮಾತಾಡಿದ್ದು ಕಡೀ ಎರಡ ವರ್ಷ. ಅದೂ ರವಿವಾರಕ್ಕೊಮ್ಮಿ."

ಬಸ್ಸು ಹೊರಡುವ ಹೊತ್ತಾಗಿತ್ತು. ಅವಳು ಬುರ್ಖಾದ ತುದಿ ಎತ್ತಿ ಹಿಡಿದು ಮೆಟ್ಟಿಲು ಹತ್ತಿ, ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ ಕುಳಿತಳು.